ಪಟ್ಟು ಎಲ್ಲಿ ನಿಲ್ಲಬೇಕು

ಕುಸ್ತಿಗೂ ದಿನದ ಮಾತಿಗೂ ಕನ್ನಡದಲ್ಲಿ ಒಂದೇ ಪದ: ಪಟ್ಟು. ಹಠಮಾರಿ ಪಟ್ಟು ಹಿಡಿಯುತ್ತಾನೆ, ಪೈಲ್ವಾನ ಪಟ್ಟು ಹಾಕುತ್ತಾನೆ. ಹಿಡಿಯುವುದು ಇಬ್ಬರಿಗೂ ಗೊತ್ತು. ಬಿಡಬೇಕಾದ ಗಳಿಗೆ ಬಲ್ಲವರು ಅಪರೂಪ. ವೃತ್ತಿಪರ ಕುಸ್ತಿಯ ದೊಡ್ಡ ಪಟ್ಟುಗಾರರನ್ನು ನಾನು ಮೆಚ್ಚುವುದು ಆ ಬಲ್ಮೆಗಾಗಿ.

ಸೋಲು ಗೆಲುವು ಮೊದಲೇ ತೀರ್ಮಾನವಾಗಿರುವ ಆಟದಲ್ಲಿ ಕಸುಬೆಲ್ಲಿ ಬಂತು ಎಂದು ಕೇಳುವವರಿದ್ದಾರೆ. ಫಲಿತಾಂಶ ಏನೇ ಇರಲಿ, ನೂರು ಕಿಲೋ ಮೈ ಹಲಗೆಯ ಮೇಲೆ ಬೀಳುವುದು ನಿಜ, ತಿರುಚಿಕೊಳ್ಳುವ ಕೀಲೂ ನಿಜ.

ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳ ಊರು ವಿಗನ್‌ನಲ್ಲಿ ಬಿಲ್ಲಿ ರೈಲಿ ಅವರ ಗರಡಿಯಿತ್ತು. ಜನ ಅದನ್ನು ‘ಸ್ನೇಕ್ ಪಿಟ್’, ಅಂದರೆ ಹಾವಿನ ಗುಂಡಿ ಎನ್ನುತ್ತಿದ್ದರು. ಅಲ್ಲಿ ಕಲಿಸುತ್ತಿದ್ದುದು ಕ್ಯಾಚ್ ಕುಸ್ತಿ: ಚಿತ್ ಮಾಡುವುದರ ಜೊತೆಗೆ ಕೀಲುಗಳನ್ನು ಸಿಕ್ಕಿಸಿ ಸೋಲೊಪ್ಪಿಸುವ ವಿದ್ಯೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬೆಲ್ಜಿಯಂ ಪರ ಸ್ಪರ್ಧಿಸಿದ್ದ ಕಾರೆಲ್ ಇಸ್ಟಾಜ್ ಅಲ್ಲಿ ಪಳಗಿದರು. ಮುಂದೆ ಕಾರ್ಲ್ ಗೋಚ್ ಎಂಬ ಹೆಸರಿನಲ್ಲಿ ಜಪಾನಿಗೆ ಹೋದಾಗ ಅಲ್ಲಿಯವರು ಅವರನ್ನು ‘ಕುಸ್ತಿಯ ದೇವರು’ ಎಂದರು. ಅವರು ಶಿಷ್ಯರ ಬೆವರಿಳಿಸುತ್ತಿದ್ದುದು ನಮ್ಮ ಗರಡಿಗಳ ಬಸ್ಕಿ, ದಂಡಗಳಿಂದಲೇ.

ಆ ಶಿಷ್ಯರಲ್ಲೊಬ್ಬರು ಆಂಟೋನಿಯೊ ಇನೋಕಿ. 1975ರ ಡಿಸೆಂಬರ್‌ನಲ್ಲಿ ಟೋಕಿಯೊದಲ್ಲಿ ಅವರಿಗೆ ಎದುರಾದದ್ದು ಅದೇ ವಿಗನ್ ಗರಡಿಯ ಬಿಲ್ಲಿ ರಾಬಿನ್ಸನ್. 40 ನಿಮಿಷ ಕಳೆದ ಮೇಲೆ ರಾಬಿನ್ಸನ್ ಒಂದು ಸುತ್ತು ಗೆದ್ದರು. ಸಮಯ ಮುಗಿಯುವ ಹೊತ್ತಿಗೆ ಇನೋಕಿ ಸರಿದೂಗಿಸಿದರು. 60 ನಿಮಿಷಕ್ಕೆ ಕುಸ್ತಿ ಸಮಸಮವಾಯಿತು.

ಮರುವರ್ಷ ಅದೇ ತಿಂಗಳು, ಕರಾಚಿ. ಎದುರಿಗಿದ್ದವರು ಗಾಮಾ ಪೈಲ್ವಾನರ ತಮ್ಮನ ಮಗ ಅಕ್ರಮ್. ಅಲ್ಲಿ ಹೊಂದಾಣಿಕೆ ಇರಲಿಲ್ಲ, ಕುಸ್ತಿ ನಿಜದ್ದೇ ಆಯಿತು. ಇನೋಕಿ ಎರಡೂ ಕೈಯಿಂದ ಮಣಿಕಟ್ಟು ಬಿಗಿದು ತೋಳನ್ನು ಬೆನ್ನ ಹಿಂದಕ್ಕೆ ತಿರುಚಿದರು. ಅಕ್ರಮ್ ಸೋಲೊಪ್ಪಲಿಲ್ಲ, ಇನೋಕಿ ಬಿಡಲಿಲ್ಲ. ತೋಳಿಗೆ ಭಾರೀ ಪೆಟ್ಟಾಗಿ ಕುಸ್ತಿ ನಿಂತಿತು. ಟೋಕಿಯೊದ ಆ 60 ನಿಮಿಷ ಇಬ್ಬರೂ ಏನನ್ನು ಹಿಡಿದಿಟ್ಟುಕೊಂಡಿದ್ದರು ಎಂಬುದು ನನಗೆ ತಿಳಿದದ್ದು ಕರಾಚಿಯ ಕಥೆ ಓದಿದ ಮೇಲೆ.

ತೊಂಬತ್ತರ ದಶಕದಲ್ಲಿ ಡಬ್ಲ್ಯುಡಬ್ಲ್ಯುಎಫ್ ಎಂಬ ಕುಸ್ತಿ ಕಂಪನಿಯ ಟ್ರಂಪ್ ಕಾರ್ಡ್ ಆಡಿದವರಿಗೆ ಕಪ್ಪು-ಗುಲಾಬಿ ಉಡುಪಿನ ಬ್ರೆಟ್ ಹಾರ್ಟ್ ನೆನಪಿರಬೇಕು. ಕಾರ್ಡಿನ ಮೇಲೆ ಎತ್ತರ, ತೂಕ, ಎದೆಯ ಸುತ್ತಳತೆ ಅಚ್ಚಾಗಿರುತ್ತಿದ್ದವು. ದೈತ್ಯರ ಕಾರ್ಡು ಬಂದರೆ ಹಾರ್ಟ್ ಸೋಲುತ್ತಿದ್ದರು. ಅವರ ಬಲ ಆ ಅಂಕಿಗಳೊಳಗೆ ಇರಲೇ ಇಲ್ಲ. ಕೆನಡಾದ ಕ್ಯಾಲ್ಗರಿಯಲ್ಲಿ ತಂದೆ ಸ್ಟೂ ಹಾರ್ಟ್ ಮನೆಯ ನೆಲಮಾಳಿಗೆಯಲ್ಲೇ ಗರಡಿ ನಡೆಸುತ್ತಿದ್ದರು. ಮಗ ಕುಸ್ತಿಯ ಮೊದಲ ಪಾಠ ಕಲಿತದ್ದು ಆ ಮನೆಯಲ್ಲಿ.

1992ರ ಆಗಸ್ಟ್ 29, ಲಂಡನ್ನಿನ ವೆಂಬ್ಲಿ ಕ್ರೀಡಾಂಗಣ. ಸುಮಾರು 80 ಸಾವಿರ ಜನ. ಎದುರಾಳಿ ಹಾರ್ಟ್ ಅವರ ತಂಗಿಯ ಗಂಡ, ಇಂಗ್ಲೆಂಡಿನವರೇ ಆದ ಡೇವಿ ಬಾಯ್ ಸ್ಮಿತ್. ಕುಸ್ತಿ ಶುರುವಾಗಿ ಸ್ವಲ್ಪ ಹೊತ್ತಿಗೇ ಸ್ಮಿತ್‌ಗೆ ಉಸಿರು ಕಟ್ಟಿತು, ಮೊದಲೇ ಮಾತಾಡಿಕೊಂಡ ವರಸೆಗಳೆಲ್ಲ ಮರೆತುಹೋದವು ಎಂದು ಹಾರ್ಟ್ ಮುಂದೆ ಹೇಳಿದ್ದಾರೆ. ಭಾವಮೈದುನನ ತಲೆಯನ್ನು ತೋಳಲ್ಲಿ ಅಮುಕಿ ನೆಲಕ್ಕೊತ್ತಿ, ಆ ಮರೆಯಲ್ಲಿ ಮುಂದಿನ ಹೆಜ್ಜೆ ಕಿವಿಯಲ್ಲಿ ಹೇಳಬೇಕು. ಬಿಟ್ಟು ಎದ್ದು, ಅವರು ಎತ್ತುವ ಹೊತ್ತಿಗೆ ತಾನೇ ಮೈ ಹಗುರ ಮಾಡಿಕೊಳ್ಳಬೇಕು. 25 ನಿಮಿಷ ಹೀಗೆ ನಡೆಸಿ, ಕೊನೆಗೆ ತಾವೇ ಚಿತ್ ಆಗಿ ತಮ್ಮ ಚಾಂಪಿಯನ್ ಪಟ್ಟ ಬಿಟ್ಟುಕೊಟ್ಟರು. ಸ್ಮಿತ್ ತಮ್ಮ ದೇಶದ ಜನರೆದುರು ವೀರರಾದರು. ಕಲಿತ ವಿದ್ಯೆಯನ್ನೆಲ್ಲ ಇನ್ನೊಬ್ಬನ ಗೆಲುವಿಗೆ ಸುರಿದ ಆ ಸಂಜೆಯೇ ನನ್ನ ಪಾಲಿಗೆ ಹಾರ್ಟ್ ಅವರ ಅತಿ ದೊಡ್ಡ ಕುಸ್ತಿ.

ತಮ್ಮ ಕೈಯಲ್ಲಿ ಯಾವ ಎದುರಾಳಿಗೂ ದೊಡ್ಡ ಗಾಯವಾಗಲಿಲ್ಲ ಎಂಬುದನ್ನು ಹಾರ್ಟ್ ಪಟ್ಟಗಳಿಗಿಂತ ಮೇಲೆ ಇಟ್ಟು ಹೇಳುತ್ತಾರೆ. ಅವರ ಪಾಲಿಗೆ ಬಂದದ್ದು ಬೇರೆ. 1999ರ ಡಿಸೆಂಬರ್‌ನಲ್ಲಿ ಎದುರಾಳಿಯ ಅಳತೆ ತಪ್ಪಿದ ಒದೆ ತಲೆಗೆ ಬಿತ್ತು. ಮಿದುಳಿಗೆ ಪೆಟ್ಟಾಗಿ ಮರುವರ್ಷವೇ ಅವರು ವೃತ್ತಿ ಬಿಡಬೇಕಾಯಿತು. ಆ ಒದೆ ಒಂದಿಂಚು ಮೊದಲೇ ನಿಂತಿದ್ದರೆ ಅದನ್ನು ಯಾರೂ ನೆನಪಿಡುತ್ತಿರಲಿಲ್ಲ. ಅಂಥ ಸಾವಿರಾರು ಇಂಚುಗಳನ್ನು ಹಾರ್ಟ್ ಯಾರ ಕಣ್ಣಿಗೂ ಬೀಳದಂತೆ ಕಾಯ್ದಿದ್ದರು.