ಕಡಲು ಸಂಬಳದ ಭಾಗವಲ್ಲ

ಗೆ,
ಗೋವಾದ ಸಾಫ್ಟ್‌ವೇರ್ ಕಂಪನಿಗಳ ಆಡಳಿತ ವರ್ಗದವರಿಗೆ ಹಾಗೂ ಗೋವಾ ಸರ್ಕಾರದ ಮಾಹಿತಿ ತಂತ್ರಜ್ಞಾನ ಇಲಾಖೆಗೆ

ವಿಷಯ: ಡೆವಲಪರ್‌ಗಳು ಇಲ್ಲಿನ ಕೆಲಸ ಬಿಟ್ಟು ಹೋಗುತ್ತಿರುವ ನಿಜವಾದ ಕಾರಣ

ಮಾನ್ಯರೇ,

ನಾನು ಪರ್ವರಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡು, ಕೋಡ್ ಬರೆದು ಬದುಕುವ ಕನ್ನಡಿಗ. ಉತ್ತರ ಕರ್ನಾಟಕದಿಂದ ನಮ್ಮವರು ಗೋವಾಕ್ಕೆ ಬಂದದ್ದು ಹೆಚ್ಚಾಗಿ ಕಟ್ಟಡ ಕೆಲಸಕ್ಕೆ, ವಾಸ್ಕೋ ಬಂದರಿನ ಕೂಲಿಗೆ. ಅವರ ಮಕ್ಕಳಲ್ಲಿ ಕೆಲವರು ಈಗ ಇಲ್ಲಿನ ಮಕ್ಕಳ ಜೊತೆ ಫರ್ಮಾಗುಡಿಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ನಿಮ್ಮ ಕಚೇರಿಗಳಿಗೆ ಬರುತ್ತಿದ್ದಾರೆ. ಬಂದವರು ಬಹುಕಾಲ ನಿಲ್ಲುವುದಿಲ್ಲ. ಬೆಂಗಳೂರಿಗೋ ಪುಣೆಗೋ ಹೊರಟುಬಿಡುತ್ತಾರೆ. ಹೋದವರಿಗೆ ದುಡ್ಡಿನಾಸೆ, ಉಳಿದವರಿಗೆ ಸೋಮಾರಿತನ ಎಂದು ನೀವು ಹೇಳುವುದನ್ನು ಕೇಳಿಸಿಕೊಂಡಿದ್ದೇನೆ. ಎರಡೂ ತಪ್ಪು. ಅದಕ್ಕೇ ಈ ಪತ್ರ.

ಹೊಸಬರನ್ನು ಕರೆಯುವಾಗ ಕಂಪನಿಗಳು ಮೊದಲು ತೋರಿಸುವುದು ಕಡಲನ್ನು. ಸಂಜೆ ಮಿರಾಮಾರ್, ರಜೆಗೆ ಪಾಲೊಲೆಮ್, ನಿರಾಳ ಬದುಕು. ಸಂಬಳದ ಮಾತು ಬಂದಾಗ ಅದೇ ಕಡಲನ್ನು ಲೆಕ್ಕಕ್ಕೆ ಹಿಡಿಯುತ್ತಾರೆ: ಬೆಂಗಳೂರಿನಷ್ಟು ಕೊಡಲಾಗದು, ಇದು ಗೋವಾ. ಮನೆಗಳೆಲ್ಲ ಪ್ರವಾಸಿಗರ ಪಾಲಾದ ಮೇಲೆ ನಮ್ಮ ಬಾಡಿಗೆ ಎಲ್ಲಿಗೆ ಏರಿದೆ ಎಂಬುದು ಆ ಲೆಕ್ಕದಲ್ಲಿ ಸೇರುವುದಿಲ್ಲ. ಮಳೆಗಾಲದ ಮುಂಚೆ ಕರೆಂಟು ಪದೇಪದೇ ಹೋಗುವುದೂ ಸೇರುವುದಿಲ್ಲ. ಸಂಬಳ ನ್ಯಾಯವಾಗಿರಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನನ್ನ ದೊಡ್ಡ ದೂರು ಬೇರೆಯೇ ಇದೆ.

ಹಿಂದೆ ನಾನಿದ್ದ ಒಂದು ಕಡೆ ಹೋಟೆಲುಗಳ ಬುಕಿಂಗ್ ಮತ್ತು ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತಿದ್ದೆವು. ಅದನ್ನು ಬಳಸುತ್ತಿದ್ದ ಹೋಟೆಲುಗಳಲ್ಲಿ ಕೆಲವು ಕಲಂಗೂಟ್‌ನಲ್ಲೇ ಇದ್ದವು, ನಮ್ಮ ಕಚೇರಿಯಿಂದ ಸ್ಕೂಟರಿನಲ್ಲಿ ಹೋಗಿಬರುವಷ್ಟು ಹತ್ತಿರ. ಆದರೂ ರಿಸೆಪ್ಶನ್‌ನಲ್ಲಿ ಕೂತವರ ತೊಂದರೆ ಮೊದಲು ಬೇರೆ ಊರಿನ ಮ್ಯಾನೇಜರಿಗೆ ಹೋಗಿ, ಅಲ್ಲಿಂದ ಟಿಕೆಟ್ ಎಂಬ ಎರಡು ಸಾಲಿನ ದೂರುಚೀಟಿಯಾಗಿ ನಮ್ಮ ಮೇಜಿಗೆ ಬರುತ್ತಿತ್ತು. ನಮ್ಮ ತಂಡದ ಒಬ್ಬ ಹುಡುಗಿ, ಒಂದು ದಿನ ಹೋಟೆಲಿನ ಕೌಂಟರಿನಲ್ಲಿ ಕೂತು ನೋಡಿ ಬರುತ್ತೇನೆ ಎಂದು ಕೇಳಿದಳು. ಟಿಕೆಟ್ ಮುಗಿಸುವುದಷ್ಟೇ ನಿನ್ನ ಕೆಲಸ ಎಂಬ ಉತ್ತರ ಬಂತು. ಅವಳು ರಜೆಯ ದಿನ ತಾನಾಗಿಯೇ ಹೋದಳು. ಒಂದೇ ಕೋಣೆಯ ಬಿಲ್ಲನ್ನು ಮೂವರು ಗೆಳೆಯರಿಗೆ ಹಂಚಿ ಕೊಡಲು ನಮ್ಮ ಸಾಫ್ಟ್‌ವೇರಿನಲ್ಲಿ ದಾರಿಯೇ ಇರಲಿಲ್ಲ. ಕೌಂಟರಿನವರು ಅದಕ್ಕೊಂದು ನೋಟ್‌ಬುಕ್ ಇಟ್ಟುಕೊಂಡು ಕೈಯಲ್ಲೇ ಲೆಕ್ಕ ಮಾಡುತ್ತಿದ್ದರು.

ಅದನ್ನು ಸರಿಪಡಿಸಲು ಅವಳು ದುಡಿದ ರೀತಿಯನ್ನು ನೀವು ನೋಡಬೇಕಿತ್ತು. ಯಾರೂ ಡೆಡ್‌ಲೈನ್ ಕೊಟ್ಟಿರಲಿಲ್ಲ, ಬೋನಸ್ಸಿನ ಮಾತೂ ಇರಲಿಲ್ಲ. ಊಟಕ್ಕೆ ಏಳೆಂದು ನಾವೇ ಎಬ್ಬಿಸಬೇಕಾಗುತ್ತಿತ್ತು. ಕೆಲಸ ಮುಗಿದು, ಟೆಸ್ಟ್ ಎಲ್ಲ ಸರಿಹೋದ ಮೇಲೆ ಮೇಲಿನಿಂದ ಆದೇಶ ಬಂತು: ಪ್ಲಾನಿನಲ್ಲಿ ಇಲ್ಲದ್ದು, ತೆಗೆದುಹಾಕಿ. ಕಾರಣ ಕೇಳಿದರೆ ಯಾರೂ ಹೇಳಲಿಲ್ಲ. ಮುಂದಿನ ಅಪ್ರೈಸಲ್‌ನಲ್ಲಿ ಅವಳ ಹೆಸರಿನ ಮುಂದೆ ಮುಗಿಸಿದ ಟಿಕೆಟ್ ಕಡಿಮೆ ಎಂದು ಬರೆದಿದ್ದರು. ಅವಳು ಪೇಪರ್ ಹಾಕಿದಳು. ಆಗ ಸಂಬಳ ಹೆಚ್ಚಿಸುತ್ತೇವೆ ಎಂದರು. ಅವಳು ನಿಲ್ಲಲಿಲ್ಲ.

ಇದು ಒಬ್ಬಳ ಹಟ ಎಂದು ತಳ್ಳಿಹಾಕಬೇಡಿ. ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಪಿಟ್ಸ್‌ಬರ್ಗ್ ಸುತ್ತಮುತ್ತಲಿನ ಸುಮಾರು 200 ಇಂಜಿನಿಯರುಗಳನ್ನೂ ಲೆಕ್ಕಿಗರನ್ನೂ ಮಾತನಾಡಿಸಿ 1959ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಸಂಬಳ, ಕಚೇರಿಯ ಸೌಕರ್ಯ, ಮೇಲಧಿಕಾರಿಯ ನಡವಳಿಕೆ ಕೆಟ್ಟರೆ ಜನ ಬೇಸರಪಡುತ್ತಾರೆ. ಅವು ಚೆನ್ನಾಗಿದ್ದ ಮಾತ್ರಕ್ಕೆ ಕೆಲಸದಲ್ಲಿ ಹುರುಪು ಬರುವುದಿಲ್ಲ. ಹುರುಪು ಹುಟ್ಟುವುದು ಸಾಧಿಸಿದ ತೃಪ್ತಿಯಿಂದ, ಅದನ್ನು ನಾಲ್ವರು ಗುರುತಿಸುವುದರಿಂದ, ಹೊಣೆಯಿಂದ, ಕೆಲಸದ ಸ್ವಾರಸ್ಯದಿಂದ.

ಕನ್ನಡ ಓದುವವರಿಗೆ ಅಷ್ಟು ದೂರದ ಸಾಕ್ಷಿಯೂ ಬೇಕಿಲ್ಲ. ಕಿನ್ನಿಕಂಬಳದ ಕೆ. ಪಿ. ರಾವ್ ಕನ್ನಡಕ್ಕೆ ಕೀಲಿಮಣೆಯ ವಿನ್ಯಾಸ ರೂಪಿಸಿ ಅದರ ಮೇಲೆ ಹಕ್ಕು ಹೇರದೆ ಎಲ್ಲರಿಗೂ ಬಿಟ್ಟುಕೊಟ್ಟರು. ಕರ್ನಾಟಕ ಸರ್ಕಾರ ಒಪ್ಪಿದ ಕೀಲಿಮಣೆಗೆ ಅದೇ ತಳಹದಿ. ಶೇಷಾದ್ರಿವಾಸು ಅಮೆರಿಕದಲ್ಲಿ ಕೆಲಸ ಮಾಡುತ್ತಲೇ ಬರಹ ಎಂಬ ತಂತ್ರಾಂಶ ಬರೆದು 1998ರಲ್ಲಿ ಉಚಿತವಾಗಿ ಹಂಚಿದರು. ಒಂದು ಕಾಲದಲ್ಲಿ ನಮ್ಮ ಡಿಟಿಪಿ ಅಂಗಡಿಗಳು, ಹೊರದೇಶದ ಮನೆಗಳು ಅದರಲ್ಲೇ ಕನ್ನಡ ಬರೆದವು. ಇವರ ಹಿಂದೆ ಟಿಕೆಟ್ ಎಣಿಸುವವರು ಯಾರಿದ್ದರು? ತಾವು ಮಾಡಿದ್ದನ್ನು ಯಾರು ಬಳಸುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು, ಹೇಗೆ ಮಾಡಬೇಕೆಂಬ ನಿರ್ಧಾರವೂ ಅವರದ್ದೇ ಆಗಿತ್ತು.

ಇಲ್ಲಿ ಆ ಎರಡನ್ನೂ ಕಿತ್ತುಕೊಂಡು ಗಂಟೆಗಳನ್ನು ಮಾತ್ರ ಕೇಳುತ್ತೀರಿ. 2024ರ ಜುಲೈನಲ್ಲಿ ಕರ್ನಾಟಕದಲ್ಲಿ ದಿನಕ್ಕೆ 14 ಗಂಟೆಯವರೆಗೆ ದುಡಿಸಿಕೊಳ್ಳಲು ದಾರಿ ಮಾಡುವ ಪ್ರಸ್ತಾಪ ಬಂದು ಐಟಿ ನೌಕರರ ಸಂಘ ಬೀದಿಗಿಳಿದದ್ದು ನಮಗೆ ನೆನಪಿದೆ. ಗೋವಾ ಆ ದಾರಿ ಹಿಡಿಯಬಾರದು.

ಇಲಾಖೆಗೂ ನನ್ನ ಮಾತಿದೆ. ಸೈಬರೇಜ್ ಯೋಜನೆಯಲ್ಲಿ ಹನ್ನೊಂದನೆಯ ತರಗತಿಯ ಮಕ್ಕಳ ಮನೆಗೇ ಕಂಪ್ಯೂಟರ್ ಕೊಟ್ಟ ರಾಜ್ಯ ಇದು. ಆ ಯಂತ್ರವನ್ನು ಬಿಚ್ಚಿ ನೋಡಿ ಕಲಿತವರು ನನ್ನ ಸಹೋದ್ಯೋಗಿಗಳಲ್ಲಿದ್ದಾರೆ. ಆಮೇಲೆ ಬಂದ 2017ರ ಸ್ಟಾರ್ಟಪ್ ನೀತಿ, 2018ರ ಐಟಿ ನೀತಿಗಳು ಕಂಪನಿಗಳಿಗೆ ಸಬ್ಸಿಡಿ ಕೊಟ್ಟವು, ಸ್ಥಳೀಯರ ನೇಮಕವನ್ನು ಉತ್ತೇಜಿಸಿದವು. ಒಳ್ಳೆಯದೇ. ಆದರೆ ಆ ಸ್ಥಳೀಯರು ಕೂತು ಮಾಡುವ ಕೆಲಸ ಎಂಥದ್ದು, ಅದರ ನಿರ್ಧಾರ ಇಲ್ಲಿ ಆಗುತ್ತದೋ ಇನ್ನೆಲ್ಲೋ ಆಗುತ್ತದೋ ಎಂದು ಸಬ್ಸಿಡಿ ಕೊಡುವ ಮುನ್ನ ವಿಚಾರಿಸಿ. ಚಿಂಬೆಲ್‌ನಲ್ಲಿ ಐಟಿ ಪಾರ್ಕ್ ಕಟ್ಟುವ ಮಾತು ವರ್ಷಗಟ್ಟಲೆ ಕೇಳಿಬಂದಿತ್ತು. ಕಟ್ಟಡ ಎದ್ದರೂ ಒಳಗೆ ಬೇರೆಯವರ ಪ್ಲಾನಿನ ಟಿಕೆಟ್‌ಗಳನ್ನೇ ಮುಗಿಸುವುದಾದರೆ ನಮ್ಮ ಹುಡುಗರು ಅಲ್ಲಿಂದಲೂ ಹೊರಡುತ್ತಾರೆ.

ಕದಂಬ ಸಾರಿಗೆಯ ಬಸ್ಸು, ರಿಬಂದರ್ ಮತ್ತು ಚೊಡಣ ನಡುವಿನ ಫೆರಿ, ಕೊಂಕಣಿಗೆ ದೇವನಾಗರಿ ಮತ್ತು ರೋಮಿ ಎರಡೂ ಲಿಪಿಗಳಲ್ಲಿ ಬೇಕಾದ ಸಾಧನಗಳು, ಇವೆಲ್ಲ ಇಲ್ಲಿನ ಡೆವಲಪರ್‌ಗಳು ದಿನವೂ ಕಾಣುವ ಸಮಸ್ಯೆಗಳು. ದಿನಾ ಫೆರಿ ದಾಟುವ ಹುಡುಗನಿಗೇ ಅದರ ಸಾಫ್ಟ್‌ವೇರ್ ಕೆಲಸ ಒಪ್ಪಿಸಿ, ದಡದಲ್ಲಿ ಕಾಯುವವರ ಜೊತೆ ಮಾತನಾಡಲು ಬಿಡಿ, ಮಾಡಿದವರ ಹೆಸರನ್ನು ಬಹಿರಂಗವಾಗಿ ಹಾಕಿ.

ಕಂಪನಿಗಳಲ್ಲಿ ನನ್ನ ವಿನಂತಿ ಇಷ್ಟು. ಡೆವಲಪರ್‌ಗಳನ್ನು ಬಳಕೆದಾರರ ಬಳಿಗೆ ಕಳಿಸಿ. ಒಂದು ಕೆಲಸವನ್ನು ಕೈಬಿಟ್ಟಾಗ ಅದನ್ನು ಮಾಡಿದವರನ್ನು ಕೂರಿಸಿಕೊಂಡು ಕಾರಣ ಹೇಳಿ. ಬೆಳಗಿನ ಹೊತ್ತು ಮೀಟಿಂಗ್ ಇಡದೆ ಯೋಚಿಸಲು ಬಿಡಿ. ಇವಕ್ಕೆ ಹೊಸ ಕಟ್ಟಡವೂ ಬೇಡ, ಸರ್ಕಾರದ ಅನುಮತಿಯೂ ಬೇಡ. ಬರುವ ಸೋಮವಾರದಿಂದಲೇ ಶುರುಮಾಡಬಹುದು.

ಇಂತು,
ಗೋವಾದ ಒಬ್ಬ ಕನ್ನಡಿಗ ಸಾಫ್ಟ್‌ವೇರ್ ಡೆವಲಪರ್
ಪರ್ವರಿ