ಶಾಲು ಸಾಕು, ಸಂಭಾವನೆ ಕೊಡಿ

ನಮ್ಮ ಬೆಳಗಾವಿ ಸೀಮೆಯ ಕಾಲೇಜುಗಳ ಗ್ಯಾದರಿಂಗ್‌ಗೆ ಎರಡು ಬಗೆಯ ಕಲಾವಿದರು ಬರುತ್ತಾರೆ. ಒಬ್ಬರು ಟಿ.ವಿ.ಯಲ್ಲಿ ಮುಖ ತೋರಿಸಿದವರು. ಅವರಿಗೆ ಮುಂಗಡ ಹಣ, ಕಾರು, ಸಂಜೆಯ ಒಳ್ಳೆಯ ಹೊತ್ತು. ಇನ್ನೊಬ್ಬರು ಡೊಳ್ಳಿನವರು, ಕರಡಿ ಮಜಲಿನವರು. ಅವರಿಗೆ ಬಿಸಿಲು, ಅತಿಥಿಗಳನ್ನು ಗೇಟಿನಿಂದ ವೇದಿಕೆಗೆ ಕರೆತರುವ ಕೆಲಸ, ಕೊನೆಗೊಂದು ಶಾಲು. ಮುಖ್ಯ ಅತಿಥಿ ಕುರ್ಚಿಯಲ್ಲಿ ಕುಳಿತೊಡನೆ ಡೊಳ್ಳು ನಿಲ್ಲಬೇಕು. ಆಮೇಲೆ ಅದೇ ಅತಿಥಿ 'ನಮ್ಮ ಜಾನಪದ ಉಳಿಯಬೇಕು' ಎಂದು ಭಾಷಣ ಮಾಡುತ್ತಾರೆ. ಇದನ್ನು ಪ್ರೋತ್ಸಾಹ ಎನ್ನುವವರಿದ್ದಾರೆ. ನಾವು ಅವಮಾನ ಎನ್ನುತ್ತೇವೆ.

ಹುಕ್ಕೇರಿ ತಾಲ್ಲೂಕಿನ ನಿಡಸೋಸಿಯಂಥ ಮಠದ ಊರಿನಲ್ಲಿ 1996ರಿಂದ ಇಂಜಿನಿಯರಿಂಗ್ ಕಾಲೇಜಿದೆ. ಸಂಕೇಶ್ವರ, ಗೋಕಾಕ, ಚಿಕ್ಕೋಡಿ, ನಿಪ್ಪಾಣಿಗಳಲ್ಲೂ ಕಾಲೇಜುಗಳಿವೆ. ಈ ನೆಲವೇ ಶ್ರೀಕೃಷ್ಣ ಪಾರಿಜಾತದ ನೆಲ. ಕುಲಗೋಡ ತಮ್ಮಣ್ಣ ಅದನ್ನು ಬೆಳೆಸಿದರು, ಕೌಜಲಗಿ ನಿಂಗಮ್ಮ ಊರೂರಿಗೆ ಒಯ್ದರು. ಸಾವಿರಾರು ಎಳೆಯ ಪ್ರೇಕ್ಷಕರು ಒಂದೇ ಕಡೆ ಸಿಗುವ ಇಂಥ ಅವಕಾಶ ಆ ಹಿರಿಯರಿಗೆ ಇರಲಿಲ್ಲ. ಇಂದಿನವರಿಗೆ ಇದೆ, ಆದರೆ ಬಾಗಿಲು ತೆರೆದಿಲ್ಲ.

ಹಳೆಯ ಬಾಗಿಲುಗಳಂತೂ ಮುಚ್ಚುತ್ತಿವೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ವರ್ಷಕ್ಕೆ ಹೆಚ್ಚೆಂದರೆ 15 ದಿನ ನಡುರಾತ್ರಿಯವರೆಗೆ ಸಡಿಲಿಕೆ. ನಿಯಮ ತಪ್ಪಲ್ಲ, ಆದರೆ ಬೆಳತನಕ ನಡೆಯುತ್ತಿದ್ದ ಆಟಕ್ಕೆ ಬದಲಿ ಜಾಗವನ್ನು ಯಾರೂ ಯೋಚಿಸಲಿಲ್ಲ. ಇನ್ನು ಜಾತ್ರೆ. 2022ರಲ್ಲಿ ಕರಾವಳಿಯ ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳು ಅಂಗಡಿ ಹಾಕಬಾರದೆಂಬ ಫಲಕಗಳು ಎದ್ದವು. ಬಳೆ ಮಾರುವವನಿಗೆ ಆದದ್ದು ನಾಳೆ ತಬಲಾ ಬಾರಿಸುವವನಿಗೆ ಆಗುವುದಿಲ್ಲವೆಂದು ಯಾರು ಹೇಳಬಲ್ಲರು?

ನಮ್ಮವರೂ ಈ ಮಾತಿನಿಂದ ಹೊರತಲ್ಲ. ಶಿಶುನಾಳ ಶರೀಫರು (1819–1889) ಮೊಹರಮಿಗೆ ರಿವಾಯತ್ ಪದ ಕಟ್ಟಿದ ನಾಡಿದು. ಅಂಥ ಪದ ಹಾಡುವವರನ್ನು ಇಂದು ನಮ್ಮಲ್ಲೇ ಕೆಲವರು ಗದರಿಸಿ ಬಾಯಿ ಮುಚ್ಚಿಸುತ್ತಾರೆ. ಸಂಗೀತ ಸಲ್ಲುತ್ತದೋ ಇಲ್ಲವೋ ಎಂಬುದು ಉಲೇಮಾಗಳ ನಡುವೆ ಶತಮಾನಗಳ ಚರ್ಚೆ. ಫತ್ವಾ ಕೊಡುವುದು ನಮ್ಮ ಕೆಲಸವಲ್ಲ. ಬೇಡವೆನ್ನುವವರು ಕೇಳದಿರಲಿ. ಆದರೆ ಹಾಡುಗಾರನ ಕೂಳು ಕಸಿಯುವವರು ಅವನ ಮನೆಗೆ ಒಂದು ಸೇರು ಜೋಳವನ್ನೂ ಕಳಿಸುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು.

ಆದ್ದರಿಂದಲೇ ಕಾಲೇಜಿನ ವೇದಿಕೆ ನಮಗೆ ಮುಖ್ಯವಾಗಿ ಕಾಣುತ್ತದೆ. ಅದು ಒಂದು ಜಾತಿಯದಲ್ಲ, ಒಂದು ಧರ್ಮದ್ದಲ್ಲ. ಮಠ ಕಟ್ಟಿಸಿದ ಕಾಲೇಜಿನಲ್ಲೂ ಎಲ್ಲರ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಪಾರಿಜಾತದ ಭಾಗವತನೂ ರಿವಾಯತಿನ ಹಾಡುಗಾರನೂ ಒಂದೇ ಸಂಜೆ ಹಾಡಬಹುದಾದ ಜಾಗ ಇದು.

'ಹುಡುಗರಿಗೆ ಡಿ.ಜೆ. ಬೇಕು, ನಾವೇನು ಮಾಡೋಣ?' ಎನ್ನುವ ಪ್ರಾಂಶುಪಾಲರಿದ್ದಾರೆ. ಈ ಮಾತು ಪೂರ್ತಿ ನಿಜವಲ್ಲ. 2018–19ರಲ್ಲಿ ಹಾವೇರಿ ಜಿಲ್ಲೆಯ ಕುರಿಗಾಹಿ ಹನುಮಂತ ಲಮಾಣಿ 'ಸರಿಗಮಪ'ದಲ್ಲಿ ಹಾಡಿದಾಗ ಮುಗಿಬಿದ್ದು ಕೇಳಿದವರಲ್ಲಿ ಇದೇ ಹುಡುಗರಿದ್ದರು. ಅಂದರೆ ಕಿವಿ ಕೆಟ್ಟಿಲ್ಲ. ಟಿ.ವಿ. ಮುದ್ರೆ ಒತ್ತಿದ ಮೇಲಷ್ಟೇ ಕಲಾವಿದನನ್ನು ಗುರುತಿಸುವ ಅಭ್ಯಾಸ ದೊಡ್ಡವರದು. ಯುವಜನೋತ್ಸವಗಳೂ ಈ ಕೊರತೆ ನೀಗುವುದಿಲ್ಲ. ಅಲ್ಲಿ ವಿದ್ಯಾರ್ಥಿಗಳು ಬಾಡಿಗೆ ವೇಷ ತೊಟ್ಟು ಕೆಲವು ನಿಮಿಷ ಕುಣಿದು ಬಹುಮಾನ ತರುತ್ತಾರೆ. ಆ ಕುಣಿತದಿಂದಲೇ ಹೊಟ್ಟೆ ಹೊರೆಯುವವನಿಗೆ ಅದರಲ್ಲಿ ಪಾಲಿಲ್ಲ.

ಅಮೆರಿಕದಲ್ಲಿ ಕಾಲೇಜು ಎಂಬುದು ಕಲಾವಿದರಿಗೆ ಒಂದು ಪೇಟೆಯೇ ಆಗಿದೆ. ಕಾಲೇಜುಗಳ ಸಂಘ ನಡೆಸುವ ಸಮಾವೇಶದಲ್ಲಿ ಕಲಾವಿದರು ವಿದ್ಯಾರ್ಥಿ ಪ್ರತಿನಿಧಿಗಳ ಮುಂದೆ ಸ್ವಲ್ಪ ಹೊತ್ತು ಆಡಿ ತೋರಿಸುತ್ತಾರೆ. ಮೆಚ್ಚಿದ ನೆರೆಹೊರೆಯ ಕಾಲೇಜುಗಳು ಕೂಡಿ ಸಾಲು ದಿನಗಳಿಗೆ ಗೊತ್ತು ಮಾಡುತ್ತವೆ. ಇದರಿಂದ ಕಾಲೇಜಿಗೆ ದರ ಇಳಿಯುತ್ತದೆ, ಕಲಾವಿದನಿಗೆ ಕೆಲಸ ಹೆಚ್ಚುತ್ತದೆ. ಪೇಟೆಗೆ ಅದರದೇ ಕ್ರೌರ್ಯವಿದೆ, ಒಪ್ಪೋಣ. ಆದರೆ ಈ ಲೆಕ್ಕಾಚಾರ ಕಲಿಯಬಹುದು. ಅಷ್ಟು ದೂರವೂ ಬೇಡ. 1977ರಲ್ಲಿ ಕಿರಣ್ ಸೇಠ್ ಅವರು ದಿಲ್ಲಿಯ ಐ.ಐ.ಟಿ.ಯಲ್ಲಿ ಆರಂಭಿಸಿದ ಸ್ಪಿಕ್ ಮೆಕೆ ಶಾಸ್ತ್ರೀಯ ಸಂಗೀತಗಾರರನ್ನು ಕಾಲೇಜುಗಳಿಗೆ ಕರೆತಂದಿತು. ಹುಡುಗರು ನೆಲದ ಮೇಲೆ ಕುಳಿತು ಕೇಳಿದರು.

ನಿಡಸೋಸಿಯಿಂದ ನಿಪ್ಪಾಣಿಯವರೆಗಿನ ಕಾಲೇಜುಗಳು ಕೂಡಿ ಒಂದು ಮೇಳವನ್ನು ಒಂದು ವಾರ ಕರೆಸಲಿ. ಸಂಜೆ ಎರಡು ತಾಸು ಕೊಡಲಿ. ಮೇಳದವರೂ ಎರಡು ತಾಸಿಗೆ ಹೊಂದುವ ಆಟ ಕಟ್ಟಲಿ. ಆಟ ಮುಗಿದ ರಾತ್ರಿಯೇ ಸಂಭಾವನೆ ಕೈಗೆ ಬರಲಿ. ಜನರೇಟರಿನ ಬಾಡಿಗೆಯನ್ನು ಚೌಕಾಸಿಯಿಲ್ಲದೆ ಕೊಡುವ ಸಂಸ್ಥೆಗಳು ಮನುಷ್ಯನ ಕೊರಳಿಗೆ ಬಂದಾಗ ಮಾತ್ರ 'ಬಜೆಟ್ ಇಲ್ಲ' ಎನ್ನುತ್ತವೆ. ಬರುವ ಗ್ಯಾದರಿಂಗಿನ ಖರ್ಚಿನ ಪಟ್ಟಿಯಲ್ಲಿ ಶಾಲು, ಹಾರಗಳ ಸಾಲನ್ನು ಹೊಡೆದುಹಾಕಿ ಅಲ್ಲಿ ಮೇಳದ ಸಂಭಾವನೆ ಬರೆಯಿರಿ. ಅದಾದ ಮೇಲೆ ಸಂಸ್ಕೃತಿಯ ಬಗ್ಗೆ ಭಾಷಣ ಮಾಡಿರಿ, ನಾವೂ ಕುಳಿತು ಕೇಳುತ್ತೇವೆ.