ಚುಕ್ತಾ ಆಗದ ಲೆಕ್ಕ

ಫ್ರಾನ್ಸಿನ ಆರ್ನೊ ದೆಪ್ಲೆಶಾನ್ 2008ರಲ್ಲಿ ತೆಗೆದ ‘ಎ ಕ್ರಿಸ್‌ಮಸ್ ಟೇಲ್’ ಚಿತ್ರ ನೋಡಿದೆ. ಎರಡೂವರೆ ತಾಸಿನದು. ಬೆಲ್ಜಿಯಂ ಗಡಿಯಂಚಿನಲ್ಲಿ, ಬಟ್ಟೆ ಗಿರಣಿಗಳಿಗೆ ಹೆಸರಾಗಿದ್ದ ರೂಬೆ ಊರಿನ ಒಂದು ಮನೆಯ ಕಥೆ. ತಮ್ಮ ದಿವಾಳಿಯಾಗುತ್ತಾನೆ. ಅಕ್ಕ ಸಾಲ ತೀರಿಸುತ್ತಾಳೆ. ಇನ್ನು ತನಗೆ ಮುಖ ತೋರಿಸಬಾರದು ಅನ್ನೋ ಕರಾರಿನ ಮೇಲೆ. ವರ್ಷಗಳಾದ ಮೇಲೆ ತಾಯಿಗೆ ರಕ್ತದ ಕಾಯಿಲೆ. ಅಸ್ಥಿಮಜ್ಜೆ ಹೊಂದಿದ್ದು ಯಾರದು? ಅಕ್ಕನ ಮಗನದು, ಮತ್ತೆ ಹೊರಗೆ ಹಾಕಿದ ಈ ತಮ್ಮನದು!

ಕಥೆ ಗಟ್ಟಿ. ಹೇಳುವ ರೀತಿ ಮಾತ್ರ ನನಗೆ ಪೂರ್ತಿ ಸೇರಲಿಲ್ಲ. ಚಿಕ್ಕಂದಿನಲ್ಲೇ ಸತ್ತ ಹಿರಿಮಗನ ಕಥೆ ನೆರಳು ಬೊಂಬೆಯಾಟದಲ್ಲಿ ಬರುತ್ತದೆ. ನಡುನಡುವೆ ಪಾತ್ರಗಳು ನಮ್ಮ ಕಡೆ ತಿರುಗಿ ಮಾತಾಡುತ್ತವೆ. ಕಣ್ಣು ತುಂಬೋ ಹೊತ್ತಿಗೆ ಇದು ಸಿನಿಮಾ ಅಂತ ನೆನಪು ಮಾಡಿದರೆ ಹೇಗ್ರೀ? ಅಕ್ಕನಿಗೆ ಅಷ್ಟು ದ್ವೇಷ ಯಾಕೆ ಅನ್ನೋದನ್ನೂ ಬಿಡಿಸಿ ಹೇಳೋದಿಲ್ಲ.

ಆದರೂ ಒಂದು ದೃಶ್ಯ ಮರೆಯೋ ಹಂಗಿಲ್ಲ. ತಾಯಿ, ಮಗ ಅಂಗಳದಲ್ಲಿ ಕೂತು, ಒಬ್ಬರ ಮೇಲೊಬ್ಬರಿಗೆ ಪ್ರೀತಿಯಿಲ್ಲವೆಂದು ಸಿಟ್ಟಿಲ್ಲದೆ ಹೇಳಿಕೊಳ್ಳುತ್ತಾರೆ. ಆಮೇಲೂ ಆತ ಮಜ್ಜೆ ಕೊಡುತ್ತಾನೆ.

ಪಾಲುಪತ್ರ ಬರೆದು, ಬಾಕಿ ಚುಕ್ತಾ ಮಾಡಿ, ಸಂಬಂಧ ಮುಗೀತು ಅನ್ನುವ ಒಡಹುಟ್ಟಿದವರನ್ನು ನಾವೂ ಬಲ್ಲೆವು. ಈ ಮನೆಯವರು ಪರಸ್ಪರ ಕ್ಷಮಿಸಿದ್ದು ನನಗೆ ಕಾಣಲಿಲ್ಲ. ಹಬ್ಬಕ್ಕೆ ಒಂದೇ ಸೂರಿನಡಿ ಕೂಡಿದ್ದು ಕಂಡಿತು. ಅಷ್ಟಕ್ಕಾದರೂ ಒಮ್ಮೆ ನೋಡಬೇಕು.